ಸಲಹೆ ನೀಡುವ ತಂತ್ರಾಂಶ: ಬಳಕೆಯೋಗ್ಯತೆಯ ಮೌಲ್ಯಮಾಪನ ಹೇಗೆ?

ಮನುಷ್ಯ ಕೈಗೊಳ್ಳಬೇಕಾದ ನಿರ್ಧಾರಕ್ಕೆ ಅಗತ್ಯವಾದ ಮಾಹಿತಿಯನ್ನು ಒಟ್ಟುಗೂಡಿಸಿ, ಲೆಕ್ಕ ಹಾಕಿ, ಸಾಧ್ಯತೆಗಳನ್ನು ತೂಗಿ, ಸಲಹೆಯನ್ನೋ ಎಚ್ಚರಿಕೆಯನ್ನೋ ಮುಂದಿಡುವ ತಂತ್ರಾಂಶಕ್ಕೆ ನಿರ್ಧಾರ ಬೆಂಬಲ ತಂತ್ರಾಂಶ ಎಂದು ಹೆಸರು. ಅಮೆರಿಕದ ಎಂಐಟಿಯ ಆಂಥೋನಿ ಗೋರಿ ಮತ್ತು ಮೈಕೆಲ್ ಸ್ಕಾಟ್ ಮಾರ್ಟನ್ 1971ರಲ್ಲಿ ಪ್ರಕಟಿಸಿದ ಲೇಖನದ ಮೂಲಕ ಈ ಪರಿಭಾಷೆ ಬಳಕೆಗೆ ಬಂದಿತು. ಸಾಲ ನೀಡಬಹುದೇ ಎಂದು ಬ್ಯಾಂಕಿನ ಅಧಿಕಾರಿಗೆ, ಯಾವ ಔಷಧ ಎಷ್ಟು ಪ್ರಮಾಣದಲ್ಲಿ ಸಲ್ಲುತ್ತದೆ ಎಂದು ವೈದ್ಯರಿಗೆ, ಬಿತ್ತನೆಗೆ ಇದು ಸಕಾಲವೇ ಎಂದು ಕೃಷಿ ಅಧಿಕಾರಿಗೆ ಸಲಹೆ ನೀಡುವ ತಂತ್ರಾಂಶಗಳೆಲ್ಲವೂ ಈ ವರ್ಗಕ್ಕೆ ಸೇರುತ್ತವೆ.

ಇಲ್ಲಿ ಸಲಹೆ ಯಂತ್ರದ್ದು, ಹೊಣೆ ಮನುಷ್ಯನದು. ಆದ್ದರಿಂದ ಇಂತಹ ತಂತ್ರಾಂಶದ ಪರೀಕ್ಷೆ ಇತರ ತಂತ್ರಾಂಶಗಳ ಪರೀಕ್ಷೆಗಿಂತ ಭಿನ್ನ. ರೈಲ್ವೆ ಟಿಕೆಟ್ ಕಾಯ್ದಿರಿಸುವ ತಂತ್ರಾಂಶದಲ್ಲಿ ಟಿಕೆಟ್ ದೊರೆತರೆ ಕೆಲಸ ಮುಗಿಯಿತು. ಸಲಹೆ ನೀಡುವ ತಂತ್ರಾಂಶದಲ್ಲಿ ಸಲಹೆ ಪರದೆಯ ಮೇಲೆ ಮೂಡಿದಾಗ ಕೆಲಸ ಆರಂಭವಾಗುತ್ತದೆ. ಆ ಸಲಹೆಯನ್ನು ಓದಿದವನು ಅದನ್ನು ಅರ್ಥಮಾಡಿಕೊಂಡನೇ, ಸರಿಯಿದ್ದಾಗ ಒಪ್ಪಿದನೇ, ತಪ್ಪಿದ್ದಾಗ ತಿರಸ್ಕರಿಸಿದನೇ ಎಂಬುದೇ ಮುಖ್ಯ ಪ್ರಶ್ನೆ.

ಮೂವತ್ತೆಂಟೂವರೆ ಮಾತ್ರೆಗಳು

ಈ ಪ್ರಶ್ನೆಯ ಗಾಂಭೀರ್ಯವನ್ನು ತೋರಿಸುವ ಘಟನೆಯೊಂದು 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆಯಿತು. ಅದೇ ಸಂಸ್ಥೆಯ ಹಿರಿಯ ವೈದ್ಯ ರಾಬರ್ಟ್ ವ್ಯಾಕ್ಟರ್ ಸಂಸ್ಥೆಯ ಒಪ್ಪಿಗೆಯೊಂದಿಗೆ 2015ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ಸವಿವರವಾಗಿ ದಾಖಲಿಸಿದ್ದಾರೆ.

ದಾಖಲಾಗಿದ್ದ 16 ವರ್ಷದ ಹುಡುಗನ ತೂಕ 38.6 ಕಿಲೋಗ್ರಾಂ. ಆತ ನಿತ್ಯ ಸೇವಿಸುತ್ತಿದ್ದ ಪ್ರತಿಜೀವಕದ 160 ಮಿಲಿಗ್ರಾಂನ ಒಂದು ಮಾತ್ರೆಯನ್ನು ಸೂಚಿಸಬೇಕಿತ್ತು. ರೋಗಿಯ ತೂಕ 40 ಕಿಲೋಗ್ರಾಂಗಿಂತ ಕಡಿಮೆಯಿದ್ದ ಕಾರಣ, ಪ್ರತಿ ಕಿಲೋಗ್ರಾಂ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿಯೇ ಪ್ರಮಾಣ ನಮೂದಿಸುವಂತೆ ತಂತ್ರಾಂಶ ಕೇಳುತ್ತಿತ್ತು. ಕಿಲೋಗ್ರಾಂಗೆ 5 ಮಿಲಿಗ್ರಾಂನಂತೆ 193 ಮಿಲಿಗ್ರಾಂ ಬಂದಿತು. ಅಂತಹ ಮಾತ್ರೆ ಲಭ್ಯವಿಲ್ಲದ್ದರಿಂದ 160 ಮಿಲಿಗ್ರಾಂ ಎಂದು ತಿದ್ದಿ ಬರೆಯುವಂತೆ ಆಸ್ಪತ್ರೆಯ ಫಾರ್ಮಾಸಿಸ್ಟ್ ಕೋರಿದರು. ತರಬೇತಿಯಲ್ಲಿದ್ದ ವೈದ್ಯೆ 160 ಎಂದು ನಮೂದಿಸಿದರು. ಆದರೆ ಅಂಕಣದ ಮಾನ ಮಿಲಿಗ್ರಾಂ ಆಗಿರಲಿಲ್ಲ. ಪ್ರತಿ ಕಿಲೋಗ್ರಾಂಗೆ ಮಿಲಿಗ್ರಾಂ ಎಂದೇ ಉಳಿದಿತ್ತು. ತಂತ್ರಾಂಶ 160ನ್ನು 38.6ರಿಂದ ಗುಣಿಸಿ, ಮೂವತ್ತೆಂಟೂವರೆ ಮಾತ್ರೆಗಳ ಆದೇಶವನ್ನು ಸಿದ್ಧಪಡಿಸಿತು.

ತಂತ್ರಾಂಶ ಸುಮ್ಮನಿರಲಿಲ್ಲ. ಪ್ರಮಾಣ ಮಿತಿ ಮೀರಿದೆ ಎಂಬ ಎಚ್ಚರಿಕೆ ವೈದ್ಯೆಗೂ ಫಾರ್ಮಾಸಿಸ್ಟ್‌ಗೂ ಕಾಣಿಸಿತು. ದಿನವಿಡೀ ಇಂತಹ ಸಂದೇಶಗಳನ್ನು ಕಂಡು ಬೇಸತ್ತಿದ್ದ ಇಬ್ಬರೂ ಅದನ್ನು ಬದಿಗೊತ್ತಿದರು. ಮಾತ್ರೆಗಳನ್ನು ಎಣಿಸುವ ಯಂತ್ರ ನಿಖರವಾಗಿ ಎಣಿಸಿತು. ದಾದಿಗೆ ಸಂಶಯ ಮೂಡಿದರೂ, ಬಾರ್‌ಕೋಡ್ ಪರಿಶೀಲನೆ ಆದೇಶಕ್ಕೂ ಮಾತ್ರೆಗಳಿಗೂ ತಾಳೆಯಿದೆ ಎಂದು ದೃಢಪಡಿಸಿತು. ಹುಡುಗ ಮಾತ್ರೆಗಳನ್ನು ಸೇವಿಸಿದ. ಕೆಲವು ಗಂಟೆಗಳಲ್ಲಿ ಆತನಿಗೆ ತೀವ್ರ ಸೆಳವು ಬಂದಿತು. ಅದೃಷ್ಟವಶಾತ್ ಪ್ರಾಣಾಪಾಯವಾಗಲಿಲ್ಲ.

ಈ ಪ್ರಕರಣದಲ್ಲಿ ಗಣಕಯಂತ್ರದ ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ. ತಪ್ಪಿದ್ದು ಲೆಕ್ಕ ಮತ್ತು ಮನುಷ್ಯನ ನಡುವಿನ ಕೊಂಡಿ. ಅಂಕಣದ ಮಾನ ಕಣ್ಣಿಗೆ ಬೀಳುವಂತಿರಲಿಲ್ಲ. 39 ಪಟ್ಟು ಹೆಚ್ಚಿನ ಪ್ರಮಾಣಕ್ಕೂ ಅತ್ಯಲ್ಪ ವ್ಯತ್ಯಾಸಕ್ಕೂ ಎಚ್ಚರಿಕೆಯ ರೂಪ ಹೆಚ್ಚುಕಡಿಮೆ ಒಂದೇ ಆಗಿತ್ತು. ಈ ಕೊಂಡಿಯ ಪರೀಕ್ಷೆಯೇ ಬಳಕೆಯೋಗ್ಯತೆಯ ಮೌಲ್ಯಮಾಪನ.

ನಿಖರತೆಯೊಂದೇ ಸಾಲದು

ಯಂತ್ರದ ಸಲಹೆ ಎಷ್ಟು ಸರಿ ಎಂಬ ಪರೀಕ್ಷೆ ಬಹಳ ಹಿಂದೆಯೇ ಆರಂಭವಾಯಿತು. ಬ್ರಿಟನ್ನಿನ ಲೀಡ್ಸ್‌ನಲ್ಲಿ ಡಿ ಡಾಂಬಲ್ ಮತ್ತು ಸಂಗಡಿಗರು ಹೊಟ್ಟೆನೋವಿನ 304 ರೋಗಿಗಳ ಮೇಲೆ ನಡೆಸಿದ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಗಣಕಯಂತ್ರದ ರೋಗನಿದಾನ ಶೇ. 91.8ರಷ್ಟು ಸರಿಯಿದ್ದರೆ, ತಂಡದ ಹಿರಿಯ ವೈದ್ಯರದು ಶೇ. 79.6ರಷ್ಟಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ರೂಪಿಸಿದ ಮೈಸಿನ್ ಎಂಬ ತಂತ್ರಾಂಶ ಸೋಂಕುರೋಗಗಳಿಗೆ ಔಷಧ ಸೂಚಿಸುತ್ತಿತ್ತು. 1979ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಪರಿಣತರು ಅದರ ಸಲಹೆಗೆ ಶೇ. 65ರಷ್ಟು ಸಮ್ಮತಿ ನೀಡಿದರು. ಅದೇ ಪರೀಕ್ಷೆಯಲ್ಲಿ ಐವರು ಪ್ರಾಧ್ಯಾಪಕ ವೈದ್ಯರಿಗೆ ದೊರೆತದ್ದು ಶೇ. 42.5ರಿಂದ 62.5.

ಆದರೂ ಮೈಸಿನ್ ಒಂದು ದಿನವೂ ರೋಗಿಗಳ ವಾರ್ಡಿಗೆ ಕಾಲಿಡಲಿಲ್ಲ. ವೈದ್ಯರು ಬೇರೆಡೆಯಿದ್ದ ಗಣಕಯಂತ್ರದ ಮುಂದೆ ಕುಳಿತು, ಅದು ಕೇಳುವ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬೆರಳಚ್ಚಿಸಬೇಕಿತ್ತು; ಒಂದು ಸಲಹೆಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಸಲಹೆ ಉತ್ತಮವಾಗಿತ್ತು, ಅದನ್ನು ಪಡೆಯುವ ದಾರಿ ದುರ್ಗಮವಾಗಿತ್ತು.

ಬಳಕೆಯೋಗ್ಯತೆ ಎಂದರೇನು?

ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1998ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಐಎಸ್‌ಒ 9241-11 ಎಂಬ ಮಾನಕ ಬಳಕೆಯೋಗ್ಯತೆಯನ್ನು ಮೂರು ಗುಣಗಳಲ್ಲಿ ಅಳೆಯುತ್ತದೆ. ಮೊದಲನೆಯದು ಪರಿಣಾಮ: ಉದ್ದೇಶಿಸಿದ ಕೆಲಸ ಸರಿಯಾಗಿ ಪೂರ್ಣಗೊಂಡಿತೇ? ಎರಡನೆಯದು ದಕ್ಷತೆ: ಅದಕ್ಕೆ ತಗುಲಿದ ಸಮಯ ಮತ್ತು ಶ್ರಮವೆಷ್ಟು? ಮೂರನೆಯದು ತೃಪ್ತಿ: ಬಳಸಿದವರ ಅನುಭವ ಹೇಗಿತ್ತು? ಇವನ್ನು ಗೊತ್ತಾದ ಬಳಕೆದಾರರು, ಗೊತ್ತಾದ ಗುರಿ ಮತ್ತು ಗೊತ್ತಾದ ಸನ್ನಿವೇಶಕ್ಕೆ ಸಂಬಂಧಿಸಿಯೇ ಅಳೆಯಬೇಕು ಎಂಬುದು ಮಾನಕದ ಮುಖ್ಯ ಷರತ್ತು. ಹವಾನಿಯಂತ್ರಿತ ಕೊಠಡಿಯಲ್ಲಿ ಎಂಜಿನಿಯರ್‌ಗೆ ಸುಲಭವೆನಿಸಿದ ಪರದೆ, ರಾತ್ರಿ ಪಾಳಿಯಲ್ಲಿ ನಲವತ್ತು ರೋಗಿಗಳನ್ನು ನೋಡಿಕೊಳ್ಳುವ ದಾದಿಗೆ ಸುಲಭವಾಗಿರಬೇಕೆಂದಿಲ್ಲ.

ಪರೀಕ್ಷೆಯ ವಿಧಾನಗಳು

ಮೊದಲ ಹಂತದಲ್ಲಿ ಪರಿಣತರೇ ಪರದೆಗಳನ್ನು ಪರಿಶೀಲಿಸುತ್ತಾರೆ. ಯಾಕೋಬ್ ನೀಲ್ಸನ್ ಮತ್ತು ರಾಲ್ಫ್ ಮೋಲಿಚ್ 1990ರಲ್ಲಿ ಮಂಡಿಸಿದ ಈ ಪದ್ಧತಿಯನ್ನು ನೀಲ್ಸನ್ 1994ರಲ್ಲಿ ಹತ್ತು ಸೂತ್ರಗಳ ರೂಪಕ್ಕೆ ತಂದರು. ತಂತ್ರಾಂಶ ಏನು ಮಾಡುತ್ತಿದೆ ಎಂಬುದು ಕಾಣುತ್ತಿದೆಯೇ, ಬಳಕೆದಾರರ ಮಾತಿನಲ್ಲೇ ಅದು ವಿಷಯ ತಿಳಿಸುತ್ತಿದೆಯೇ, ತಪ್ಪು ಘಟಿಸುವ ಮುನ್ನವೇ ತಡೆಯುತ್ತಿದೆಯೇ, ಮಾಡಿದ್ದನ್ನು ಹಿಂದೆಗೆದುಕೊಳ್ಳಲು ಅವಕಾಶವಿದೆಯೇ ಎಂಬಂತಹ ಅಂಶಗಳನ್ನು ಇಬ್ಬರು ಮೂವರು ಪರಿಣತರು ಪ್ರತ್ಯೇಕವಾಗಿ ನೋಡಿ ಪಟ್ಟಿ ಮಾಡುತ್ತಾರೆ. ವೆಚ್ಚ ಕಡಿಮೆ, ಸಮಯವೂ ಕಡಿಮೆ. ಆದರೆ ಇದು ಪರಿಣತರ ಊಹೆಯೇ ಹೊರತು ಬಳಕೆದಾರರ ಅನುಭವವಲ್ಲ.

ಎರಡನೆಯ ಹಂತದಲ್ಲಿ ನಿಜವಾದ ಬಳಕೆದಾರರಿಗೆ ನಿಜವಾದ ಕೆಲಸ ಒಪ್ಪಿಸಲಾಗುತ್ತದೆ. ಮನಸ್ಸಿನಲ್ಲಿ ಮೂಡುವ ಆಲೋಚನೆಗಳನ್ನು ಬಾಯ್ಬಿಟ್ಟು ಹೇಳುತ್ತಾ ಕೆಲಸ ಮಾಡುವಂತೆ ಅವರನ್ನು ಕೇಳಿಕೊಳ್ಳುತ್ತಾರೆ. "ಈ ಅಂಕಿ ದಿನಕ್ಕೋ, ಒಂದು ಹೊತ್ತಿಗೋ?" ಎಂಬ ಒಂದು ಸ್ವಗತ, ನೂರು ಪುಟಗಳ ಪ್ರಶ್ನಾವಳಿ ತೋರಿಸದ ದೋಷವನ್ನು ತೋರಿಸಬಲ್ಲದು. ಪರೀಕ್ಷಕರು ನಡುವೆ ನೆರವಾಗಬಾರದು, ತಿದ್ದಬಾರದು.

ಎಷ್ಟು ಮಂದಿ ಬೇಕು? ಒಬ್ಬ ಬಳಕೆದಾರ ಸರಾಸರಿ ಶೇ. 31ರಷ್ಟು ದೋಷಗಳನ್ನು ಬಯಲಿಗೆಳೆಯುತ್ತಾನೆ ಎಂಬ ಅಂದಾಜಿನ ಮೇಲೆ, ಐವರಿದ್ದರೆ ಸುಮಾರು ಶೇ. 85ರಷ್ಟು ದೋಷಗಳು ಪತ್ತೆಯಾಗುತ್ತವೆ ಎಂದು ನೀಲ್ಸನ್ ಪ್ರತಿಪಾದಿಸಿದ್ದರು. ಲಾರಾ ಫಾಕ್ನರ್ 2003ರಲ್ಲಿ 60 ಬಳಕೆದಾರರ ಮಾಹಿತಿಯಿಂದ ಐವರ ಗುಂಪುಗಳನ್ನು ಯಾದೃಚ್ಛಿಕವಾಗಿ ಆಯ್ದು ನೋಡಿದಾಗ, ಕೆಲವು ಗುಂಪುಗಳು ಶೇ. 99ರಷ್ಟು ದೋಷ ಕಂಡರೆ ಕೆಲವು ಕಂಡದ್ದು ಶೇ. 55 ಮಾತ್ರ. ಹತ್ತು ಮಂದಿಯ ಗುಂಪುಗಳಲ್ಲಿ ಈ ಕನಿಷ್ಠ ಮಟ್ಟ ಶೇ. 80ಕ್ಕೆ ಏರಿತು. ವಿನ್ಯಾಸದ ನಡುವೆ ತಿದ್ದುಪಡಿಗಾಗಿ ಐವರು ಸಾಕು. ತಂತ್ರಾಂಶ ಸುರಕ್ಷಿತವೆಂದು ಪ್ರಮಾಣೀಕರಿಸಲು ಐವರು ಸಾಲರು. ವೈದ್ಯಕೀಯ ಸಾಧನಗಳ ಅಂತಿಮ ಪರೀಕ್ಷೆಗೆ ಪ್ರತಿ ಬಳಕೆದಾರ ವರ್ಗದಿಂದ ಕನಿಷ್ಠ 15 ಮಂದಿ ಇರಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ 2016ರ ಮಾರ್ಗಸೂಚಿ ಹೇಳುತ್ತದೆ.

ಮೂರನೆಯದು ಪ್ರಶ್ನಾವಳಿ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನಲ್ಲಿದ್ದ ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಸಿಸ್ಟಂ ಯೂಸಬಿಲಿಟಿ ಸ್ಕೇಲ್, ಅಂದರೆ ಎಸ್‌ಯುಎಸ್, ಇಂದಿಗೂ ಅತ್ಯಂತ ಪ್ರಚಲಿತ. ಇದರಲ್ಲಿ ಹತ್ತು ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ನೀಡಬೇಕು. ಬೆಸ ಸಂಖ್ಯೆಯ ಹೇಳಿಕೆಗಳು ಮೆಚ್ಚುಗೆಯವು. ಅವುಗಳ ಅಂಕದಿಂದ 1 ಕಳೆಯಬೇಕು. ಸಮ ಸಂಖ್ಯೆಯವು ದೂರಿನವು. ಅವುಗಳ ಅಂಕವನ್ನು 5ರಿಂದ ಕಳೆಯಬೇಕು. ಬಂದ ಮೊತ್ತವನ್ನು 2.5ರಿಂದ ಗುಣಿಸಿದರೆ 100ಕ್ಕೆ ಅಂಕ ಸಿಗುತ್ತದೆ. ಎಲ್ಲ ಬೆಸ ಹೇಳಿಕೆಗಳಿಗೆ 4, ಎಲ್ಲ ಸಮ ಹೇಳಿಕೆಗಳಿಗೆ 2 ಕೊಟ್ಟವರ ಮೊತ್ತ 30. ಅಂತಿಮ ಅಂಕ 75. ನೂರಾರು ಅಧ್ಯಯನಗಳ ಸರಾಸರಿ ಸುಮಾರು 68 ಎಂದು ಕಂಡುಬಂದಿದೆ. ಈ ಅಂಕ ಶೇಕಡಾವಾರು ಅಲ್ಲ. 68 ಎಂದರೆ ಪ್ರಥಮ ದರ್ಜೆಯಲ್ಲ, ಸಾಧಾರಣ ಎಂದಷ್ಟೇ ಅರ್ಥ.

ಮನಸ್ಸಿನ ಮೇಲಿನ ಹೊರೆಯನ್ನು ಅಳೆಯಲು ಸಾಂಡ್ರಾ ಹಾರ್ಟ್ ಮತ್ತು ಲೋವೆಲ್ ಸ್ಟೇವ್‌ಲ್ಯಾಂಡ್ 1988ರಲ್ಲಿ ಪ್ರಕಟಿಸಿದ ನಾಸಾ ಟಿಎಲ್‌ಎಕ್ಸ್ ಮಾಪಕವಿದೆ. ಮಾನಸಿಕ ಶ್ರಮ, ದೈಹಿಕ ಶ್ರಮ, ಸಮಯದ ಒತ್ತಡ, ಸಾಧನೆ, ಪ್ರಯತ್ನ, ಹತಾಶೆ ಎಂಬ ಆರು ಅಂಶಗಳನ್ನು ಇದು ಪರಿಗಣಿಸುತ್ತದೆ.

ತಪ್ಪು ಸಲಹೆಯ ಪರೀಕ್ಷೆ

ಮೇಲಿನ ವಿಧಾನಗಳೆಲ್ಲ ಯಾವುದೇ ತಂತ್ರಾಂಶಕ್ಕೆ ಅನ್ವಯಿಸುತ್ತವೆ. ಸಲಹೆ ನೀಡುವ ತಂತ್ರಾಂಶಕ್ಕೆ ಇನ್ನೊಂದು ಪರೀಕ್ಷೆ ಅನಿವಾರ್ಯ: ಸಲಹೆ ತಪ್ಪಾಗಿದ್ದಾಗ ಬಳಕೆದಾರ ಏನು ಮಾಡುತ್ತಾನೆ? ಯಂತ್ರ ಹೇಳಿತೆಂಬ ಕಾರಣಕ್ಕೆ ಕಣ್ಣೆದುರಿನ ವಿರುದ್ಧ ಸಾಕ್ಷ್ಯವನ್ನೂ ಕಡೆಗಣಿಸುವ ಪ್ರವೃತ್ತಿಯನ್ನು ಸಂಶೋಧಕರು ಆಟೊಮೇಷನ್ ಬಯಾಸ್ ಎಂದು ಕರೆದಿದ್ದಾರೆ. ಲಿಂಡಾ ಸ್ಕಿಟ್ಕಾ, ಕ್ಯಾಥ್ಲೀನ್ ಮೋಸಿಯರ್ ಮೊದಲಾದವರು 1990ರ ದಶಕದಲ್ಲಿ ಕೃತಕ ವಿಮಾನಯಾನ ಪ್ರಯೋಗಗಳ ಮೂಲಕ ಇದನ್ನು ಅಧ್ಯಯನ ಮಾಡಿದರು.

ಇದನ್ನು ಅಳೆಯಲು ಪರೀಕ್ಷೆಯ ಪ್ರಕರಣಗಳಲ್ಲಿ ಉದ್ದೇಶಪೂರ್ವಕವಾಗಿ ಕೆಲವು ತಪ್ಪು ಸಲಹೆಗಳನ್ನು ಸೇರಿಸಬೇಕಾಗುತ್ತದೆ. ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ವೈದ್ಯರೊಬ್ಬರು ತಂತ್ರಾಂಶವಿಲ್ಲದೆ 20 ಪ್ರಕರಣಗಳಲ್ಲಿ 15ನ್ನು ಸರಿಯಾಗಿ ನಿರ್ಧರಿಸುತ್ತಾರೆ. ತಂತ್ರಾಂಶದ ಸಲಹೆ 16ರಲ್ಲಿ ಸರಿ, 4ರಲ್ಲಿ ತಪ್ಪು. ಅವರು ಎಲ್ಲ ಸಲಹೆಗಳನ್ನೂ ಒಪ್ಪಿದರೆ ಫಲಿತಾಂಶ 15ರಿಂದ 16ಕ್ಕೆ ಏರುತ್ತದೆ. ವರದಿ ಸುಧಾರಣೆ ಎಂದು ಹೇಳುತ್ತದೆ. ಆದರೆ ಆ 4 ತಪ್ಪು ಸಲಹೆಗಳ ಪೈಕಿ 3 ಪ್ರಕರಣಗಳನ್ನು ಅವರು ಸ್ವತಃ ಸರಿಯಾಗಿ ನಿರ್ಧರಿಸಿದ್ದರೆಂದಿಟ್ಟುಕೊಂಡರೆ, ತಂತ್ರಾಂಶದಿಂದ ನಾಲ್ವರು ರೋಗಿಗಳಿಗೆ ಹೊಸದಾಗಿ ಒಳಿತಾಯಿತು, ಮೂವರಿಗೆ ಹೊಸದಾಗಿ ಕೆಡುಕಾಯಿತು. ನಿವ್ವಳ ಲಾಭವನ್ನಷ್ಟೇ ಮುದ್ರಿಸುವ ವರದಿಯಲ್ಲಿ ಆ ಮೂವರು ಕಾಣುವುದಿಲ್ಲ. ಸಲಹೆಯ ಜೊತೆಗೆ ಅದರ ಆಧಾರವನ್ನೂ ತೋರಿಸಿದರೆ ಅವರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರು ಎಂಬುದನ್ನು ಬಳಕೆಯೋಗ್ಯತೆಯ ಪರೀಕ್ಷೆ ಹೇಳಬೇಕು.

ಎಚ್ಚರಿಕೆಗಳ ಮಹಾಪೂರ

ಅತಿನಂಬಿಕೆಯ ಎದುರು ತುದಿಯಲ್ಲಿರುವುದು ಅಲಕ್ಷ್ಯ. ವಾನ್ ಡರ್ ಸೈಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಔಷಧ ಸುರಕ್ಷತೆಯ ಎಚ್ಚರಿಕೆಗಳಲ್ಲಿ ಶೇ. 49ರಿಂದ 96ರಷ್ಟನ್ನು ವೈದ್ಯರು ಬದಿಗೊತ್ತುತ್ತಿದ್ದರು. ಇದನ್ನು ವೈದ್ಯರ ಉದಾಸೀನವೆಂದು ತಳ್ಳಿಹಾಕುವಂತಿಲ್ಲ. ಹತ್ತರಲ್ಲಿ ಒಂಬತ್ತು ಎಚ್ಚರಿಕೆಗಳು ನಿರರ್ಥಕವಾಗಿದ್ದರೆ ಹತ್ತನೆಯದನ್ನೂ ಓದದಿರುವ ಅಭ್ಯಾಸವನ್ನು ತಂತ್ರಾಂಶವೇ ಕಲಿಸಿಕೊಡುತ್ತದೆ. "ತೋಳ ಬಂತು ತೋಳ" ಎಂದು ಕೂಗಿದ ಹುಡುಗನ ಕಥೆಯಲ್ಲಿ ಆಗುವುದೂ ಇದೇ.

ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಮಸ್ಯೆಯ ಇನ್ನೊಂದು ಮುಖವನ್ನು ತೋರಿಸಿತು. ನಂಜು ರಕ್ತಕ್ಕೇರುವ ಸೆಪ್ಸಿಸ್ ಸ್ಥಿತಿಯನ್ನು ಮುಂಚಿತವಾಗಿ ಗುರುತಿಸಲು ಎಪಿಕ್ ಸಂಸ್ಥೆ ರೂಪಿಸಿದ್ದ ತಂತ್ರಾಂಶವನ್ನು 38,455 ಆಸ್ಪತ್ರೆ ದಾಖಲಾತಿಗಳ ಮಾಹಿತಿಯಲ್ಲಿ ಪರೀಕ್ಷಿಸಲಾಯಿತು. ಒಟ್ಟು ದಾಖಲಾತಿಗಳ ಶೇ. 18ರಲ್ಲಿ ಅದು ಎಚ್ಚರಿಕೆಯ ಮಟ್ಟ ತಲುಪಿತು. ಇಷ್ಟಾಗಿಯೂ ಸೆಪ್ಸಿಸ್ ಇದ್ದವರಲ್ಲಿ ಶೇ. 67 ಮಂದಿಯನ್ನು ಗುರುತಿಸಲು ವಿಫಲವಾಯಿತು.

ಯಾವ ಗುಣಗಳಿದ್ದರೆ ಸಲಹೆ ಫಲ ನೀಡುತ್ತದೆ? ಕೆನ್ಸಾಕು ಕವಾಮೊಟೊ ಮತ್ತು ಸಂಗಡಿಗರು 2005ರಲ್ಲಿ 70 ಅಧ್ಯಯನಗಳನ್ನು ವಿಶ್ಲೇಷಿಸಿ ನಾಲ್ಕು ಗುಣಗಳನ್ನು ಗುರುತಿಸಿದರು: ಕೇಳದೆಯೇ ಕೆಲಸದ ಹರಿವಿನಲ್ಲಿ ಸಲಹೆ ಒದಗುವುದು, ನಿರ್ಧಾರ ಕೈಗೊಳ್ಳುವ ಸಮಯ ಮತ್ತು ಸ್ಥಳದಲ್ಲಿಯೇ ಒದಗುವುದು, ಸ್ಥಿತಿಯನ್ನು ವಿವರಿಸಿ ನಿಲ್ಲದೆ ಮುಂದೇನು ಮಾಡಬೇಕೆಂದು ಸೂಚಿಸುವುದು, ಗಣಕಯಂತ್ರದ ಮೂಲಕ ಸಿದ್ಧವಾಗುವುದು. ನಾಲ್ಕೂ ಗುಣಗಳಿದ್ದ 32 ವ್ಯವಸ್ಥೆಗಳಲ್ಲಿ 30 ಚಿಕಿತ್ಸಾ ಕ್ರಮವನ್ನು ಗಮನಾರ್ಹವಾಗಿ ಸುಧಾರಿಸಿದ್ದವು.

ಪ್ರಯೋಗಾಲಯದ ಆಚೆ

ಪ್ರಯೋಗಾಲಯದಲ್ಲಿ ಗೆದ್ದ ತಂತ್ರಾಂಶ ಕೆಲಸದ ಜಾಗದಲ್ಲಿ ಸೋಲಬಹುದು. ಅಮೆರಿಕದ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯಲ್ಲಿ 2002ರಲ್ಲಿ ವೈದ್ಯರ ಆದೇಶಗಳನ್ನು ಗಣಕಯಂತ್ರದಲ್ಲಿ ನಮೂದಿಸುವ, ಔಷಧ ಸಲಹೆಯನ್ನೂ ಒಳಗೊಂಡ ವ್ಯವಸ್ಥೆ ಜಾರಿಗೆ ಬಂದಿತು. ಬೇರೆ ಆಸ್ಪತ್ರೆಗಳಿಂದ ತುರ್ತಾಗಿ ಸಾಗಿಸಿ ತಂದ 1,942 ಮಕ್ಕಳ ಅಧ್ಯಯನ 2005ರಲ್ಲಿ ಪ್ರಕಟವಾದಾಗ, ಮರಣ ಪ್ರಮಾಣ ಶೇ. 2.80ರಿಂದ 6.57ಕ್ಕೆ ಏರಿದ್ದು ಕಂಡುಬಂದಿತು. ಮಗು ಆಸ್ಪತ್ರೆ ತಲುಪಿ ನೋಂದಣಿಯಾಗುವವರೆಗೆ ಆದೇಶ ನಮೂದಿಸುವಂತಿರಲಿಲ್ಲ. ಕಾಗದದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತಿದ್ದ ಆದೇಶಕ್ಕೆ ಹಲವು ಬಾರಿ ಕ್ಲಿಕ್ಕಿಸಬೇಕಿತ್ತು. ಹಾಸಿಗೆಯ ಪಕ್ಕದಲ್ಲಿರಬೇಕಾದವರು ಪರದೆಯ ಮುಂದಿದ್ದರು.

ಅದೇ ವ್ಯವಸ್ಥೆಯನ್ನು ಅಳವಡಿಸಿಕೊಂಡ ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯಲ್ಲಿ ಮರಣ ಪ್ರಮಾಣ ಹೆಚ್ಚಲಿಲ್ಲ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಎರಡನ್ನೂ ಒಟ್ಟಿಗೆ ಓದಿದರೆ ಪಾಠ ಸ್ಪಷ್ಟ: ಬಳಕೆಯೋಗ್ಯತೆ ತಂತ್ರಾಂಶದೊಳಗೆ ಅಡಗಿ ಕುಳಿತ ಗುಣವಲ್ಲ. ಅದು ತಂತ್ರಾಂಶ, ಜನ ಮತ್ತು ಕೆಲಸದ ಕ್ರಮ ಕೂಡಿದಾಗ ಹುಟ್ಟುವಂಥದು. ಒಂದು ಆಸ್ಪತ್ರೆಯ ಪ್ರಮಾಣಪತ್ರ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಒತ್ತಡದ ಗಳಿಗೆಯನ್ನು ಪರೀಕ್ಷೆಯಲ್ಲಿ ಮರುಸೃಷ್ಟಿಸಬೇಕೆಂಬ ಪಾಠ ಬಂದದ್ದು ಸಮುದ್ರದಿಂದ. 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 290 ಮಂದಿ ಮೃತಪಟ್ಟರು. ವಿಮಾನ ಮೇಲೇರುತ್ತಿದೆ ಎಂದು ನೌಕೆಯ ಗಣಕಯಂತ್ರ ಸರಿಯಾಗಿಯೇ ದಾಖಲಿಸಿತ್ತು. ಸಿಬ್ಬಂದಿ ಮಾತ್ರ ಅದು ಕೆಳಗಿಳಿಯುತ್ತಿದೆ ಎಂದು ವರದಿ ಮಾಡಿದರು. ಎತ್ತರ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದನ್ನು ದೊಡ್ಡ ಪರದೆ ತೋರಿಸುತ್ತಿರಲಿಲ್ಲ; ಬದಲಾಗುವ ಅಂಕಿಗಳನ್ನು ನೋಡಿ ಮನಸ್ಸಿನಲ್ಲೇ ಹೋಲಿಸಿಕೊಳ್ಳಬೇಕಿತ್ತು. ಈ ದುರಂತದ ನಂತರ ಅಮೆರಿಕದ ನೌಕಾಪಡೆ, ಒತ್ತಡದಲ್ಲಿ ನಿರ್ಧಾರ ಕೈಗೊಳ್ಳುವ ಬಗೆಯನ್ನು ಅಧ್ಯಯನ ಮಾಡಲು ಟ್ಯಾಡ್ಮಸ್ ಎಂಬ ಯೋಜನೆಯನ್ನು ಆರಂಭಿಸಿತು.

ನಿಯಮಗಳೇನು?

ವೈದ್ಯಕೀಯ ಸಾಧನಗಳ ಬಳಕೆಯೋಗ್ಯತೆಗೆ ಐಇಸಿ 62366-1 ಎಂಬ 2015ರ ಅಂತರರಾಷ್ಟ್ರೀಯ ಮಾನಕವಿದೆ. ಅಮೆರಿಕದಲ್ಲಿ ಆರೋಗ್ಯ ದಾಖಲೆ ತಂತ್ರಾಂಶಗಳ 2014ರ ಪ್ರಮಾಣೀಕರಣ ನಿಯಮಗಳು ನಿರ್ಧಾರ ಬೆಂಬಲ ಸೇರಿದಂತೆ ಹಲವು ಸೌಲಭ್ಯಗಳಿಗೆ ಬಳಕೆದಾರರ ಪರೀಕ್ಷೆಯನ್ನು ಕಡ್ಡಾಯಗೊಳಿಸಿದವು. ಆದರೆ ರಾಜ್ ರತ್ವಾನಿ ಮತ್ತು ಸಂಗಡಿಗರು 2015ರಲ್ಲಿ ಪರಿಶೀಲಿಸಿದಾಗ, ಶೇ. 63ರಷ್ಟು ತಯಾರಕರು 15ಕ್ಕಿಂತ ಕಡಿಮೆ ಮಂದಿಯ ಪರೀಕ್ಷೆಗೆ ತೃಪ್ತರಾಗಿದ್ದರು. ನಿಯಮವಿದ್ದ ಮಾತ್ರಕ್ಕೆ ಪಾಲನೆಯಾಗುತ್ತದೆ ಎಂದೇನಿಲ್ಲ.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಉದ್ದೇಶದ ತಂತ್ರಾಂಶವೂ ವೈದ್ಯಕೀಯ ಸಾಧನಗಳ ವ್ಯಾಖ್ಯೆಯೊಳಗೆ ಬಂದಿದೆ. ಕರ್ನಾಟಕವೂ ಸೇರಿದಂತೆ ದೇಶದಾದ್ಯಂತ ಬಳಕೆಯಲ್ಲಿರುವ ಇ-ಸಂಜೀವಿನಿ ದೂರವೈದ್ಯ ಸೇವೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ನಿರ್ಧಾರ ಬೆಂಬಲ ಸೌಲಭ್ಯವನ್ನು ಅಳವಡಿಸಿದೆ. ರೋಗಿ ತನ್ನ ಬಾಧೆಯನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ. "ಎದೆ ಉರಿ", "ಸಂಕಟ", "ತಲೆಸುತ್ತು" ಎಂಬ ಮಾತುಗಳನ್ನು ಕೇಳಿದವರು ಪರದೆಯ ಮೇಲಿನ ಯಾವ ಅಂಕಣದಲ್ಲಿ ಯಾವುದನ್ನು ಆಯ್ದುಕೊಳ್ಳುತ್ತಾರೆ ಎಂಬುದರ ಮೇಲೆ ಇಂತಹ ಯಾವುದೇ ತಂತ್ರಾಂಶದ ಸಲಹೆ ನಿಂತಿರುತ್ತದೆ. "ಸಂಕಟ" ಎಂದರೆ ಒಬ್ಬರಿಗೆ ವಾಕರಿಕೆ, ಇನ್ನೊಬ್ಬರಿಗೆ ಎದೆಯ ಕಸಿವಿಸಿ, ಮತ್ತೊಬ್ಬರಿಗೆ ಮನಸ್ಸಿನ ದುಗುಡ. ಇಂತಹ ಪದಗಳ ಪರೀಕ್ಷೆ ಅದನ್ನಾಡುವ ಜನರ ನಡುವೆಯೇ ನಡೆಯಬೇಕು. ಅನುವಾದಿಸಿದ ಪರದೆ ಸಿದ್ಧವಾದ ಮಾತ್ರಕ್ಕೆ ಪರೀಕ್ಷೆ ಮುಗಿದಂತಲ್ಲ.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಆಸ್ಪತ್ರೆಯಾಗಲಿ, ಬ್ಯಾಂಕಾಗಲಿ, ಸರ್ಕಾರಿ ಇಲಾಖೆಯಾಗಲಿ, ಇಂತಹ ತಂತ್ರಾಂಶವನ್ನು ಕೊಳ್ಳುವ ಮುನ್ನ ಮಾರಾಟಗಾರರನ್ನು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ.

* ಪರೀಕ್ಷೆಯಲ್ಲಿ ಪಾಲ್ಗೊಂಡವರು ಯಾರು, ಎಷ್ಟು ಮಂದಿ? ಅವರು ನಿಜವಾಗಿ ಈ ಕೆಲಸ ಮಾಡುವವರೇ?
* ತಪ್ಪು ಸಲಹೆಗಳನ್ನು ಸೇರಿಸಿ ಪರೀಕ್ಷಿಸಲಾಗಿದೆಯೇ? ಎಷ್ಟನ್ನು ಬಳಕೆದಾರರು ಗುರುತಿಸಿದರು?
* ದಿನಕ್ಕೆ ಎಷ್ಟು ಎಚ್ಚರಿಕೆಗಳು ಬರುತ್ತವೆ? ಅವುಗಳಲ್ಲಿ ಎಷ್ಟನ್ನು ಬದಿಗೊತ್ತಲಾಗುತ್ತಿದೆ?
* ಅಪಾಯಕಾರಿ ಎಚ್ಚರಿಕೆ ಸಾಧಾರಣ ಎಚ್ಚರಿಕೆಗಿಂತ ಭಿನ್ನವಾಗಿ ಕಾಣುತ್ತದೆಯೇ?
* ಸಲಹೆಯ ಆಧಾರವೇನೆಂದು ಬಳಕೆದಾರ ಒಂದೇ ನೋಟದಲ್ಲಿ ತಿಳಿಯಬಹುದೇ?
* ಅಳವಡಿಸಿದ ಆರು ತಿಂಗಳ ನಂತರ ಮತ್ತೆ ಪರೀಕ್ಷಿಸುವ ಹೊಣೆ ಯಾರದು?

ಕೊನೆಯ ಪ್ರಶ್ನೆಯನ್ನು ಬಹುತೇಕ ಒಪ್ಪಂದಗಳು ಮರೆಯುತ್ತವೆ. ಮೊದಲ ವಾರದಲ್ಲಿ ಎಚ್ಚರಿಕೆಯನ್ನು ಓದುವ ಉದ್ಯೋಗಿ ಆರನೆಯ ತಿಂಗಳಲ್ಲಿ ಅದನ್ನು ನೋಡದೆಯೇ ಮುಚ್ಚುತ್ತಿರಬಹುದು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ನಿರರ್ಗಳ ವಾಕ್ಯಗಳಲ್ಲಿ, ಸಂಶಯಕ್ಕೆ ಎಡೆಯಿಲ್ಲದ ಧಾಟಿಯಲ್ಲಿ ಸಲಹೆ ನೀಡತೊಡಗಿರುವ ಈ ದಿನಗಳಲ್ಲಿ ತಪ್ಪು ಸಲಹೆಯನ್ನು ಗುರುತಿಸುವುದು ಇನ್ನಷ್ಟು ಕಠಿಣ. ತಂತ್ರಾಂಶ ಎಷ್ಟೇ ಬದಲಾದರೂ ಆದೇಶಕ್ಕೆ ಸಹಿ ಹಾಕುವವರು ಮನುಷ್ಯರು. ಮಾತ್ರೆ ನುಂಗುವವರೂ ಮನುಷ್ಯರೇ. ಮೌಲ್ಯಮಾಪನ ನಡೆಯಬೇಕಾದದ್ದು ಅವರ ಕಣ್ಣಿನಿಂದ.